ತಪ್ಪು ಮೋಟಾರಿನದೋ, ಗಿರಣಿಯದೋ

ಝೆರಾಕ್ಸ್ ಮೆಷಿನ್ ನಿಂತದ್ದು ಸೋಮವಾರ ಬೆಳಿಗ್ಗೆ, ಜನ ಕಿಟಕಿಯ ಮುಂದೆ ಒಬ್ಬರ ಮೇಲೊಬ್ಬರು ಬಿದ್ದು ನಿಂತಿದ್ದ ಹೊತ್ತಿನಲ್ಲಿ. ಸುಮ್ಮನಿದ್ದಾಗ ಅದು ಯಾವತ್ತೂ ಕೆಟ್ಟದ್ದಿಲ್ಲ. ನಮ್ಮದು ಕುಷ್ಟಗಿಯ ಒಂದು ಸಣ್ಣ ಸರಕಾರಿ ಕಚೇರಿ. ಯಾವ ಇಲಾಖೆ ಎಂದು ಹೇಳುವುದಿಲ್ಲ, ಹೇಳಿದರೆ ಅದೊಂದು ಬೇರೆ ತಲೆನೋವು. ನಾನು ಅಲ್ಲಿ ಪ್ರಥಮ ದರ್ಜೆ ಸಹಾಯಕ. ನಿವೃತ್ತಿ ಹತ್ತಿರ ಬಂದಿತ್ತು, ರಕ್ತದೊತ್ತಡವೂ ಬಂದಿತ್ತು, ತಾಳ್ಮೆಯೊಂದು ಮಾತ್ರ ಬಂದಿರಲಿಲ್ಲ.

ಆ ಮೆಷಿನ್ ನಮಗೆ ಬಂದದ್ದೇ ಬೇಡವಾದ ಮೇಲೆ. ಕೊಪ್ಪಳದ ದೊಡ್ಡ ಕಚೇರಿಯವರು ಹೊಸದನ್ನು ತರಿಸಿಕೊಂಡು ಹಳೆಯದನ್ನು ನಮ್ಮ ಕಡೆ ದಬ್ಬಿದ್ದರು. ಟೆಂಪೋದಲ್ಲಿ ತರುವಾಗ ಅದರ ಬೆನ್ನಿನ ಜಾಲರಿ ಮುರಿದು, ಕೈ ಹಿಡಿಸುವಷ್ಟು ತೂತು ಬಿದ್ದಿತ್ತು. ಹಾಳೆ ಸಿಕ್ಕಿಸಿಕೊಳ್ಳುವುದು, ಮಸಿ ಉಗುಳುವುದು ಅದರ ನಿತ್ಯದ ಕೆಲಸ. ದಸರಾ ಹಬ್ಬದ ರಜೆ ಮುಗಿದಾಗಿನಿಂದ ಅದಕ್ಕೊಂದು ಹೊಸ ರಾಗ ಸೇರಿತ್ತು. ಪ್ರತಿ ಹಾಳೆಗೂ ಕಿರ್ ಎನ್ನುತ್ತಿತ್ತು. ಆ ಸೋಮವಾರ ಕಿರ್ ಎನ್ನುವುದೂ ನಿಂತು, ಒಳಗೆ ಮೋಟಾರು ಒಂದು ಕ್ಷಣ ಗುಂಯ್ ಎಂದು ತಿಣುಕಿ ಸುಮ್ಮನಾಯಿತು. ಪರದೆಯ ಮೇಲೆ ಕೆಂಪು ದೀಪ, ನಟ್ಟು ಬಿಗಿಯುವ ಪಾನಾದ ಚಿತ್ರ, ಮೋಟಾರು ತಿರುಗುತ್ತಿಲ್ಲ ಎಂಬ ಸಂದೇಶ.

ಅದನ್ನು ನಡೆಸುತ್ತಿದ್ದವಳು ನಮ್ಮ ಕಂಪ್ಯೂಟರ್ ಆಪರೇಟರ್. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ದಿನಾ ತಾವರಗೇರಾದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನಮ್ಮ ಹಾಗೆ ಕಾಯಂ ಅಲ್ಲ, ಏಜೆನ್ಸಿಯೊಂದರ ಮೂಲಕ ಗುತ್ತಿಗೆಯ ಮೇಲೆ ಇದ್ದವಳು. ಗಂಡ ಹಮಾಲಿ ಮಾಡುತ್ತಿದ್ದ, ಸುಗ್ಗಿಯಲ್ಲಿ ಕೈತುಂಬ ಕೆಲಸ, ಉಳಿದ ತಿಂಗಳು ಕೈ ಖಾಲಿ. ಆ ಮನೆ ನಿಂತದ್ದೇ ಇವಳ ಕೆಲಸದ ಮೇಲೆ. ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುವುದಿತ್ತು, ಮುಂದುವರಿಸುವುದೋ ಬಿಡುವುದೋ ನಮ್ಮ ಸಾಹೇಬರ ಒಂದು ಮಾತಿನಲ್ಲಿತ್ತು.

ಗದ್ದಲ ಕೇಳಿ ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದರು. ನನಗಿಂತ ಬಹಳ ಚಿಕ್ಕವರು, ಲವಲವಿಕೆಯ ಮನುಷ್ಯ, ಹಣೆಯ ಮೇಲೆ ಕುಂಕುಮವಿಲ್ಲದೆ ಕಚೇರಿಗೆ ಕಾಲಿಟ್ಟವರಲ್ಲ. ಕೆಟ್ಟವರೆಂದು ನಾನು ಹೇಳಲಾರೆ. ಆದರೆ ಏನಾದರೂ ಕೆಟ್ಟಿತೆಂದರೆ ಕೆಡಿಸಿದವರು ಯಾರೆಂದು ಮೊದಲು ಗೊತ್ತಾಗಬೇಕಿತ್ತು ಅವರಿಗೆ, ರಿಪೇರಿ ಆಮೇಲಿನ ಮಾತು.

"ಏನಾತು?"

"ಮೋಟಾರ್ ತಿರಗವಲ್ದು ರೀ ಸರ್," ಎಂದಳು ಅವಳು.

"ಯಾರು ನಡಸಾಕತ್ತಿದ್ರು?"

"ನಾನ ರೀ."

"ಹಂಗಾದ್ರ ಕೆಡಿಸಿದಾಕಿನೂ ನೀನ. ಮೋಟಾರ್ ಸುಟ್ಟಿತ್ತಂದ್ರ ನೋಡು, ಸಂಜಿಗೆ ಏಜೆನ್ಸಿಗೆ ಫೋನ್ ಹಚ್ಚಿ ಹೇಳಿಬಿಡ್ತೀನಿ, ಬ್ಯಾರೇದವ್ರನ್ನ ಕಳಸ್ರಿ ಅಂತ."

ಇಷ್ಟು ಹೇಳಿ ಒಳಗೆ ಹೋದರು. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಳು. ನನಗೆ ಪಿತ್ತ ನೆತ್ತಿಗೇರಿತು. ಮೆಷಿನ್ ಕೊಪ್ಪಳದವರು ಉಂಡುಬಿಟ್ಟ ಎಂಜಲು, ಕೆಟ್ಟರೆ ತಾವರಗೇರಾದ ಹೆಣ್ಣುಮಗಳ ತಪ್ಪು! ಅವಸರದವರನ್ನು ಎದುರಿಗಿನ ಅಂಗಡಿಗೆ ಕಳಿಸಿ, ಉಳಿದವರನ್ನು ಕೂರಿಸಿ, ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ.

ಈ ಮೆಕ್ಯಾನಿಕ್ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆಯ ಮೆಷಿನ್‌ಗಳಿಗೆ ಅವನೊಬ್ಬನೇ. ಒಂದು ಬೈಕು, ಒಂದು ಚೀಲ, ಎರಡು ಫೋನು. ನೀವು ಯಾವ ಊರಿನಿಂದ ಕರೆದರೂ ಅವನು ಉಳಿದ ಮೂರು ಊರುಗಳಲ್ಲಿ ಒಂದರಲ್ಲಿ ಇರುತ್ತಾನೆ.

"ಗಂಗಾವತಿಯಾಗ ಅದೀನ್ರಿ ಸರ್ರ. ಇದೊಂದು ಮುಗಿಸಿ ಬಂದ್ಬಿಟ್ಟೆ," ಎಂದ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿದೆ. ಬರುತ್ತಿರುವವನು ಬರುವ ದಾರಿ ಬಿಟ್ಟು ಇನ್ನೂ ಆಚೆ ಹೋಗಿದ್ದ.

"ಸಾಣಾಪುರದಾಗ ಅದೀನ್ರಿ. ಇಲ್ಲಿ ರೆಸಾರ್ಟ್‌ನ್ಯಾಗ ಬಿಲ್ಲಿನ ಮೆಷಿನ್ ನಿಂತೈತಿ. ಮಂದಿ ಉಂಡು ಕುಂತಾರ, ಬಿಲ್ ಬರವಲ್ದು."

"ಇಲ್ಲಿ ಮಂದಿ ಉಣ್ಣದ ಕುಂತಾರೋ ಮಾರಾಯಾ!" ಎಂದೆ. ಅವನು ನಕ್ಕ. ನಾನು ನಗಿಸಲಿಕ್ಕೆ ಹೇಳಿದ ಮಾತಲ್ಲ ಅದು. ಫೋನ್ ಇಟ್ಟು, ಇವನನ್ನು ಕಾಯುತ್ತ ಕುಳಿತರೆ ಸಂಜೆಯಾಗುತ್ತದೆ, ಸಂಜೆಯಾದರೆ ಸಾಹೇಬರು ಆ ಫೋನ್ ಹಚ್ಚುತ್ತಾರೆ, ಮೆಷಿನ್ ನಾನೇ ಬಿಚ್ಚುತ್ತೇನೆ ಎಂದು ಅಂಗಿಯ ತೋಳು ಮಡಚಿದೆ.

ಮೋಟಾರೆಂದರೆ ನನಗೆ ಹೊಸದಲ್ಲ. ಅಳವಂಡಿಯಲ್ಲಿ ನಮ್ಮ ಅಪ್ಪ ಹಿಟ್ಟಿನ ಗಿರಣಿ ಇಟ್ಟಿದ್ದರು. ಜೋಳದ ಹಿಟ್ಟಿನ ಧೂಳಿನಲ್ಲೇ ನಾನು ಬೆಳೆದದ್ದು. ಗಿರಣಿ ನಿಂತಿತೆಂದರೆ ಜನ ಮೋಟಾರು ಸುಟ್ಟಿತೆಂದು ಒಂದೇ ಸಮನೆ ಬೊಬ್ಬೆ ಹೊಡೆಯುತ್ತಿದ್ದರು. ಅಪ್ಪ ಮಾತ್ರ, "ಮೊದ್ಲ ಪಟ್ಟಾ ಬಿಚ್ಚು. ತಪ್ಪು ಮೋಟಾರಿಂದೋ ಗಿರಣಿದೋ, ಆಮ್ಯಾಲೆ ಬೈಯೂಣಂತ," ಎನ್ನುತ್ತಿದ್ದರು. ಗಿರಣಿಯನ್ನು ಮೋಟಾರಿಗೆ ಜೋಡಿಸುವ ಆ ಬೆಲ್ಟನ್ನು ಬಿಚ್ಚಿ ಮೋಟಾರನ್ನು ಒಂಟಿ ಮಾಡಿ ತಿರುಗಿಸುವುದು. ಅದು ತಿರುಗಿತೆಂದರೆ ಮೋಟಾರು ನಿರಪರಾಧಿ, ಕಲ್ಲಿನಲ್ಲೋ ಬೇರಿಂಗಿನಲ್ಲೋ ಏನೋ ಸಿಕ್ಕಿದೆ. ನಾನು ಕಲಿತ ರಿಪೇರಿ ಇಷ್ಟೇ, ಆದರೆ ಇಷ್ಟು ಸಾಕಾಗುತ್ತದೆ.

ಅಟೆಂಡರನ ಹತ್ತಿರ ಸ್ಕ್ರೂ ಡ್ರೈವರ್ ಕೇಳಿದೆ. "ಎಲ್ಲೈತೋ ಏನೋ ರೀ," ಎಂದು ಛಾವಣಿ ನೋಡಿದ. ಅದು ಅವನ ಡ್ರಾಯರಿನಲ್ಲೇ ಇರುತ್ತದೆಂದು ಇಡೀ ಕಚೇರಿಗೆ ಗೊತ್ತು. ನಾನೇ ಹೋಗಿ ಡ್ರಾಯರ್ ಎಳೆದು ತಂದೆ. ಪಕ್ಕದ ಟೇಬಲ್ಲಿನ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ಸುಮ್ನ ಯಾಕ್ ಕೈ ಹೊಲಸು ಮಾಡ್ಕೋತೀರಿ? ಮೆಕ್ಯಾನಿಕ್ ಬರ್ತಾನ, ಬಿಡ್ರಿ," ಎಂದ. ಅವನು ತನ್ನ ಕೈ ಹೊಲಸು ಮಾಡಿಕೊಂಡದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ, ಆದ್ದರಿಂದ ಆ ಮಾತಿಗೆ ಆಶ್ಚರ್ಯಪಡಲಿಲ್ಲ. ಆಶ್ಚರ್ಯವಾದದ್ದು ಅವಳ ಮಾತಿಗೆ.

"ಬಿಚ್ಚಬ್ಯಾಡ್ರಿ ಸರ್," ಎಂದಳು. "ಮೆಕ್ಯಾನಿಕ್ ಬರೂತನಕ ತಡೀರಿ."

"ಅಂವ ಬರೂದ್ರಾಗ ನಿನ್ನ ಕೆಲಸ ಹೋಗಿರ್ತೈತಿ!"

"ಹೋದ್ರ ಹೋಗ್ಲಿ ರೀ. ನೀವ್ಯಾಕ ತಾಪ ಮಾಡ್ಕೋತೀರಿ."

ನಾನು ಯಾರಿಗೋಸ್ಕರ ನೆಲದ ಮೇಲೆ ಮಂಡಿಯೂರಿದ್ದೇನೋ ಅವಳೇ ಹೀಗೆ ಅನ್ನುವುದೆ? ಸಿಟ್ಟಿನಿಂದಲೇ ಸ್ವಿಚ್ ತೆಗೆದು, ಪ್ಲಗ್ ಕಿತ್ತು, ಮುಂದಿನ ಬಾಗಿಲು ತೆರೆದೆ.

ಮೊದಲು ಹಾಳೆ ಸಿಕ್ಕಿದೆಯೇ ನೋಡಿದೆ. ಇರಲಿಲ್ಲ. ಒಳಗೆ ಕೈಯಿಂದ ತಿರುಗಿಸುವ ಹಸಿರು ಗುಂಡಿಯೊಂದು ಇರುತ್ತದೆ, ಅದು ಒಂದಿಷ್ಟೂ ಅಲುಗಲಿಲ್ಲ. ಮಸಿಯ ಡಬ್ಬಿ ತೆಗೆದೆ, ಡ್ರಮ್ಮನ್ನೂ ಹೊರಗೆಳೆದು ಪೇಪರಿನ ಮೇಲೆ ಮಲಗಿಸಿದೆ. ಗುಂಡಿ ಆಗಲೂ ಅಲುಗಲಿಲ್ಲ. ಅಂದರೆ ತಪ್ಪು ಡ್ರಮ್ಮಿನದಲ್ಲ, ಹಿಂದುಗಡೆಯದು. ಮೆಷಿನ್ನನ್ನು ಗೋಡೆಯಿಂದ ಸರಿಸಬೇಕಾಯಿತು. ಅಟೆಂಡರನನ್ನು ಕರೆದರೆ ಅವನಿಗೆ ಇದ್ದಕ್ಕಿದ್ದಂತೆ ಸೊಂಟ ನೋವು. ಗುಮಾಸ್ತ ಊಟಕ್ಕೆ ಎದ್ದುಹೋದ. ಕೊನೆಗೆ ನಾನೂ ಅವಳೂ ಸೇರಿ ದಬ್ಬಿದೆವು. ನನ್ನ ಬೆನ್ನು ಚಳಕ್ ಎಂದಿತು.

ಬೆನ್ನಿನ ಮುಚ್ಚಳದ ಸ್ಕ್ರೂಗಳನ್ನು ಬಿಗಿದವನ ಕೈಗೆ ಏನಾಗಿತ್ತೋ. ಒಂದು ಬಿಗಿ, ಒಂದು ಸಡಿಲು, ಒಂದರ ತಲೆಯೇ ಸವೆದುಹೋಗಿತ್ತು. ಅದನ್ನು ತಿರುಗಿಸುತ್ತಲೇ ಕೊಪ್ಪಳದ ಕಚೇರಿಯನ್ನು, ಟೆಂಪೋದವನನ್ನು, ಸಾಣಾಪುರದಲ್ಲಿ ಉಂಡು ಕುಳಿತವರನ್ನು, ಎಲ್ಲರನ್ನೂ ಮನಸ್ಸಿನಲ್ಲೇ ಬೈದೆ. ಸ್ವಲ್ಪ ಹೊರಗೂ ಬೈದಿರಬೇಕು, ಅವಳು ಮುಖ ಆಚೆ ತಿರುಗಿಸಿದಳು. ನಡುವೆ ಮತ್ತೆ ಫೋನ್ ಹಚ್ಚಿದರೆ ಮೆಕ್ಯಾನಿಕ್, "ಕೊಪ್ಪಳದಾಗ ಅರ್ಜೆಂಟ್ ಕರದಾರ್ರಿ, ಅದನ್ನ ಮುಗಿಸಿ ಯಲಬುರ್ಗಾ ಮ್ಯಾಲಾಸಿ ನಿಮ್ ಕಡೀಗೇ," ಎಂದ. ನಾನು ಫೋನ್ ಕತ್ತರಿಸಿದೆ.

ಮುಚ್ಚಳ ಬಂತು. ಒಳಗೆ ಅಂಗೈಯಗಲದ ಮೋಟಾರು, ಅದರ ಮುಂದೆ ಹಲ್ಲಿನ ಗಾಲಿಗಳು ಒಂದಕ್ಕೊಂದು ಕಚ್ಚಿಕೊಂಡು ಕೂತಿದ್ದವು. ಅಪ್ಪನ ಮಾತಿನಂತೆ ಮೊದಲು ಮೋಟಾರನ್ನು ಬೇರೆ ಮಾಡಿದೆ. ಅದರ ದಂಡವನ್ನು ಎರಡು ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗಿತು. ಸುಟ್ಟ ವಾಸನೆಯೂ ಇಲ್ಲ.

"ಸುಟ್ಟಿಲ್ಲ!" ಎಂದು ಕೂಗಿದೆ. "ಮೋಟಾರ್ ಛಲೋ ಐತಿ. ಏನೋ ಸಿಕ್ಕೊಂಡೈತಿ ಅಷ್ಟ. ಎಲ್ಲಿ, ಮೊಬೈಲ್ ಬೆಳಕು ಹಿಡಿ."

ಅವಳಿಗೆ ಸಂತೋಷವಾಗುತ್ತದೆಂದುಕೊಂಡೆ. ಅವಳು ಬೆಳಕನ್ನು ಗಾಲಿಗಳ ಮೇಲೆ ಬಿಟ್ಟು ಬೇರೆಲ್ಲ ಕಡೆ ಹಿಡಿದಳು. ಎರಡು ಸಲ, "ನೆಟ್ಟಗ ಹಿಡಿಯವ್ವಾ," ಎಂದು ಗದರಿಸಿದೆ. ಗಾಲಿಗಳ ಸಂದಿಯಲ್ಲಿ ಗ್ರೀಸಿಗೆ ಅಂಟಿಕೊಂಡು ಸಣ್ಣ ಸಣ್ಣ ಎಲೆಗಳಿದ್ದವು, ಒಣಗಿ ಮಸಿ ಬಣ್ಣಕ್ಕೆ ತಿರುಗಿದ್ದವು. ಎರಡು ಗಾಲಿಗಳ ಹಲ್ಲಿನ ನಡುವೆ ಒಂದು ಗಟ್ಟಿ ಕಡ್ಡಿ ಅಡ್ಡ ಕೂತಿತ್ತು, ಮುಳ್ಳಿನ ಸಮೇತ. ಚಿಮುಟದಿಂದ ಎಳೆದೆ. ಬೆಳಕಿಗೆ ಹಿಡಿದ ಕೂಡಲೇ ಗುರುತು ಹತ್ತಿತು. ನಮ್ಮ ಕಡೆ ಹುಟ್ಟಿದವರು ಯಾರಾದರೂ ಗುರುತಿಸುತ್ತಾರೆ.

"ಬನ್ನಿ!" ಎಂದೆ. "ಬನ್ನಿ ಟೊಂಗಿ ಇಲ್ಲಿ ಹ್ಯಾಂಗ ಬಂತು?"

"ಮೆಲ್ಲಕ ಮಾತಾಡ್ರಿ ಸರ್."

"ಯಾಕ ಮೆಲ್ಲಕ? ಯಾವ ಶಾಣ್ಯಾ ಹಾಕ್ಯಾನ ಇದನ್ನ?"

ಅವಳು ಸಾಹೇಬರ ಕೋಣೆಯ ಕಡೆ ಒಮ್ಮೆ ನೋಡಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ದನಿ ಪೂರ್ತಿ ಇಳಿಸಿ ಹೇಳಿದಳು.

"ಹಬ್ಬ ಆಗಿ ಕಚೇರಿ ತಗದ ದಿನಾರಿ. ನೀವು ಆವತ್ತು ರಜಾದಾಗ ಇದ್ರಿ. ಸಾಹೇಬ್ರು ಎಲ್ಲಾರಿಗೂ ಬಂಗಾರ ಅಂತ ಬನ್ನಿ ಕೊಟ್ರು, ನಾವೂ ಕಾಲಿಗೆ ಬಿದ್ವಿ. ಆಮ್ಯಾಲೆ, ಈ ಮೆಷಿನ್ನೂ ನಮ್ಮ ಸ್ಟಾಫ ಅಲ್ಲೇನು, ಇದಕ್ಕೊಂದು ಬನ್ನಿ ಬ್ಯಾಡೇನು ಅಂದ್ರು. ಮ್ಯಾಲೆ ಇಟ್ರ ಬಿದ್ದು ಹೊಕ್ಕೈತಿ ಅಂತ ಹಿಂದಿನ ತೂತಿನ್ಯಾಗ ಟೊಂಗಿನ ತುರುಕಿದ್ರು. ಬಂಗಾರದಂಗ ಇರು ಅಂದ್ರು. ಎಲ್ಲಾರೂ ಚಪ್ಪಾಳಿ ಬಡದ್ವಿ."

"ಎಲ್ಲಾರೂ ಅಂದ್ರ?"

"ಎಲ್ಲಾರೂ ರೀ."

ನಾನು ಅಟೆಂಡರನ ಕಡೆ ನೋಡಿದೆ. ಅವನು ಬಾಗಿಲ ಹೊರಗೆ ನಿಂತು ರಸ್ತೆ ನೋಡುತ್ತಿದ್ದ. ಊಟ ಮುಗಿಸಿ ಬಂದಿದ್ದ ಗುಮಾಸ್ತ ಕಡತದೊಳಗೆ ಮೂಗು ತೂರಿಸಿ ಕುಳಿತಿದ್ದ. ಬೆಳಗಿನಿಂದ ಇವರೆಲ್ಲ ನನ್ನ ಬೆನ್ನನ್ನು, ನನ್ನ ಬೆವರನ್ನು ನೋಡುತ್ತ ಸುಮ್ಮನೆ ಕುಳಿತಿದ್ದಾರೆ. ನಾನೊಬ್ಬನೇ ಗೊತ್ತಿಲ್ಲದ ಮೂರ್ಖ. ಮೈಯೆಲ್ಲ ಉರಿಯಿತು. ಆದರೆ ಹೆಚ್ಚು ಸಿಟ್ಟು ಬಂದದ್ದು ಅವಳ ಮೇಲೆಯೇ.

"ನಿನಗ ಬೆಳಿಗ್ಗೇನ ಗೊತ್ತಿತ್ತು! ಅಷ್ಟು ಮಂದಿ ಮುಂದ ಬೈಸ್ಕೊಂಡು ಸುಮ್ನ ನಿಂತೀಯಲ್ಲ, ಹೇಳಾಕ ಏನಾಗಿತ್ತು?"

"ಹೇಳಿದ್ರ ಮೆಷಿನ್ ಛಲೋ ಆಕ್ಕಿತ್ರಿ," ಎಂದಳು. "ನಂದು?"

ಉತ್ತರವಿಲ್ಲದಾಗ ನನಗೆ ಆವೇಶ ಬರುತ್ತದೆ. ಕಡ್ಡಿ, ಎಲೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಸುತ್ತಿಕೊಂಡು, ಈಗಲೇ ಹೋಗಿ ಸಾಹೇಬರ ಟೇಬಲ್ಲಿನ ಮೇಲೆ ಇಡುತ್ತೇನೆ ಎಂದು ಎದ್ದೆ. ಅವಳು ಅಡ್ಡ ಬಂದಳು. ಅಷ್ಟು ಮೆತ್ತಗಿನ ಹೆಣ್ಣುಮಗಳು ನನ್ನ ಕೈಯಿಂದ ಆ ಹಾಳೆಯನ್ನು ಕಸಿದೇಬಿಟ್ಟಳು.

"ನೀವು ಹೇಳಿದ್ರ ನಿಮಗೇನೂ ಆಗಂಗಿಲ್ರಿ. ನಾನ ಹೇಳಿಕೊಟ್ಟೀನಿ ಅಂತ ತಿಳ್ಕೋತಾರ. ಧೂಳು ಸಿಕ್ಕಿತ್ತು ಅಂತ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಬಿದ್ದೇಬಿಡುತ್ತಾಳೇನೋ ಎಂದು ಹೆದರಿ, ಆಗಲಿ ಎಂದೆ. ಗಾಲಿಗಳನ್ನು ಒರೆಸಿ, ಮೋಟಾರು ಕೂಡಿಸಿ, ಮುಚ್ಚಳ ಬಿಗಿದೆ. ಹಸಿರು ಗುಂಡಿ ಈಗ ಬೆರಳ ತುದಿಗೆ ತಿರುಗಿತು. ಸ್ವಿಚ್ ಹಾಕಿದಾಗ ಮೆಷಿನ್ ಕೆಮ್ಮಿ, ಉಸಿರೆಳೆದು, ಒಂದು ಹಾಳೆಯನ್ನು ನುಂಗಿ ಆಚೆಗೆ ಕೊಟ್ಟಿತು. ಕಿರ್ ಎಂಬ ಸದ್ದೂ ಹೋಗಿತ್ತು. ಬೇರೆ ದಿನವಾಗಿದ್ದರೆ ನಾನು ಇಡೀ ಕಚೇರಿಗೆ ಚಹಾ ತರಿಸುತ್ತಿದ್ದೆ.

ಸಾಹೇಬರ ಕೋಣೆಗೆ ಹೋದೆ. ಅದರದು ಅರ್ಧ ಬಾಗಿಲು, ಒಳಗಿನ ಮಾತು ಹೊರಗೆ, ಹೊರಗಿನ ಮಾತು ಒಳಗೆ ಕೇಳುತ್ತದೆ. ನನ್ನ ಕೂಗಾಟ ಅವರಿಗೆ ಎಷ್ಟು ಕೇಳಿತ್ತೋ ನನಗೆ ಗೊತ್ತಿಲ್ಲ. ಮೆಷಿನ್ ನಡೆಯುತ್ತಿದೆ, ಮೋಟಾರು ಸುಟ್ಟಿರಲಿಲ್ಲ, ಧೂಳು ಕೂತು ಬಿಗಿಯಾಗಿತ್ತು ಎಂದೆ.

"ಧೂಳು," ಎಂದರು ಸಾಹೇಬರು. "ಧೂಳು ಯಾಕ ಕೂಡ್ತೈತ್ರಿ? ಒರಸದಿದ್ರ ಕೂಡ್ತೈತಿ. ಮೆಷಿನ್ ಯಾರ ಜವಾಬ್ದಾರಿ? ಆಕಿದು. ಅಂದ್ರ ತಪ್ಪು ಆಕಿದ ಆತಲ್ಲ?"

"ಹಂಗಲ್ರಿ, ಹಿಂದ ತೂತೈತಿ..."

"ತೂತು ಇದ್ರ ಅರಿವಿ-ಬಟ್ಟಿ ಹಾಕಿ ಮುಚ್ಚಬೇಕಾಗಿತ್ತು. ಇಂಥ ಬೇಜವಾಬ್ದಾರಿ ನನಗ ನಡಿಯಂಗಿಲ್ಲ." ಅವರು ಮೊಬೈಲ್ ಎತ್ತಿಕೊಂಡು ಏಜೆನ್ಸಿಯವರ ನಂಬರ್ ಹುಡುಕತೊಡಗಿದರು.

ಬೆಳಗಿನಿಂದ ನಾನು ಮಾಡಿದ್ದೆಲ್ಲ ಆ ಒಂದು ಬೆರಳಿನ ತುದಿಗೆ ಬಂದು ನಿಂತಿತು. ನಿಜ ಹೇಳಿದರೆ ಅವಳ ಕೆಲಸ ಹೋಗುತ್ತದೆ. ಸುಳ್ಳು ಹೇಳಿದೆ, ಆಗಲೂ ಹೋಗುತ್ತಿದೆ. ಹೊರಗೆ ಮೆಷಿನ್ನಿನ ಸದ್ದೂ ನಿಂತಿತ್ತು, ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ಗೊತ್ತಾಯಿತು. ನಾನು ಕಾಯಂ ನೌಕರ, ನಿವೃತ್ತಿಗೆ ಹತ್ತಿರ ಬಂದವನು. ನನ್ನನ್ನು ಯಾವ ಏಜೆನ್ಸಿಯೂ ತೆಗೆಯಲಾರದು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಧೂಳಲ್ರಿ ಸಾಹೇಬ್ರ. ಬನ್ನಿ ಟೊಂಗಿ ಸಿಕ್ಕಿತ್ತು. ಹಬ್ಬದಾಗ ನಾನ ಹಾಕಿದ್ದೆ. ತಪ್ಪು ನಂದು."

ಅವರ ಬೆರಳು ಮೊಬೈಲಿನ ಮೇಲೆ ಹಾಗೇ ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು, ನಾನೂ ಅವರನ್ನೇ ನೋಡಿದೆ. ಹಬ್ಬ ಮುಗಿದು ಕಚೇರಿ ತೆಗೆದ ದಿನ ನಾನು ರಜೆಯಲ್ಲಿದ್ದೆ, ರಜೆ ಮಂಜೂರು ಮಾಡಿದವರು ಅವರೇ. ಅವರಿಗೆ ಎಲ್ಲ ನೆನಪಾಯಿತೆಂದು ಅವರ ಕಿವಿ ಕೆಂಪಾದದ್ದರಿಂದಲೇ ತಿಳಿಯಿತು. ಈಗಲಾದರೂ ಒಂದು ಮಾತು ಬರುತ್ತದೆಂದು ಕಾದೆ. ಅಯ್ಯೋ ಅದು ನಂದರೀ ಎಂದು ನಕ್ಕಿದ್ದರೂ ಸಾಕಿತ್ತು, ನಾನೂ ನಕ್ಕು ಹೊರಗೆ ಬರುತ್ತಿದ್ದೆ.

ಅವರು ಮೊಬೈಲನ್ನು ಮೆಲ್ಲಗೆ ಕೆಳಗಿಟ್ಟರು.

"ಭಕ್ತಿ ಇರ್ಬೇಕ್ರಿ," ಎಂದರು. "ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಇಷ್ಟು ವರ್ಷ ಸರ್ವಿಸ್ ಆದವ್ರು ನೀವು, ಸರಕಾರಿ ಮೆಷಿನ್ ಅಂಬೋ ಖಬರು ಬ್ಯಾಡೇನು? ಹೋಗ್ಲಿ. ಹಿರ್ಯಾರು ಅಂತ ಈ ಸಲ ಬಿಟ್ಟೀನಿ."

"ಉಪಕಾರ ಆತ್ರಿ," ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಹೊರಬಿತ್ತೋ ಇವತ್ತಿಗೂ ತಿಳಿಯದು. ಜೀವನದಲ್ಲಿ ಯಾರ ಮೇಲೂ ಬಾರದಷ್ಟು ಸಿಟ್ಟು ಆ ಕ್ಷಣ ಆ ಮನುಷ್ಯನ ಮೇಲೆ ಬಂದಿತ್ತು. ಕೈ ಗ್ರೀಸಿನಲ್ಲಿ ಹೊಲಸಾಗಿತ್ತು, ಅವರಿಗೆ ಕೈ ಮುಗಿಯಲಿಕ್ಕೆ ಬರಲಿಲ್ಲ, ಅದೊಂದೇ ಸಮಾಧಾನ.

ತಿಂಗಳ ಕೊನೆಗೆ ಅವಳ ಗುತ್ತಿಗೆ ಮುಂದುವರಿಯಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಸೋಮವಾರದ ಸಂಜೆ. ಎಲ್ಲರೂ ಮನೆಗೆ ಹೊರಡುವ ಹೊತ್ತಿಗೆ ಸಾಹೇಬರು ಹೊರಗೆ ಬಂದರು, ಮುಖದಲ್ಲಿ ಮತ್ತೆ ಮೊದಲಿನ ಲವಲವಿಕೆ. ಎಲ್ಲರಿಗೂ ಕೇಳುವಂತೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಮುಂದಿನ ವರ್ಷ ಬನ್ನಿ ನನ್ನ ಕೈಯಾಗ ಕೊಡ್ರಪಾ ಅಣ್ಣಾರ, ಮೆಷಿನ್ನಿಗೆ ಕೊಡಬ್ಯಾಡ್ರಿ!" ಎಂದರು.

ಅಟೆಂಡರ್ ನಕ್ಕ. ಗುಮಾಸ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ನಾನೂ ನಕ್ಕೆ. ಅವಳು ಮಾತ್ರ ನಮ್ಮ ಕಡೆ ಬೆನ್ನು ಮಾಡಿ ನಿಂತು, ಬೆಳಿಗ್ಗೆ ಉಳಿದುಹೋಗಿದ್ದ ಹಾಳೆಗಳನ್ನು ಒಂದೊಂದಾಗಿ ಮೆಷಿನ್ನಿಗೆ ಕೊಡುತ್ತಿದ್ದಳು, ಬಸ್ಸಿನ ಹೊತ್ತು ಮೀರಿದ್ದರೂ.